ಅನುಕ್ಕನ ಗೃಹಪ್ರವೇಶ

ನಾವು ಮಂಡ್ಯದ ಕಡೆಯವರು. ನಮ್ಮ ಮನೆಯಲ್ಲಿ ಹಾಲು ಆಲಾಗಿ, ಹೂವು ಊವಾಗಿ ಎಷ್ಟೋ ತಲೆಮಾರಾಯಿತು. ಹಾಗಾಗಿ ನ್ಯೂಜೆರ್ಸಿಯಲ್ಲಿ ಎದುರು ಮನೆಯ ಯಹೂದಿ ಅಜ್ಜಿ "ಹನುಕ್ಕಾ"ಗೆ ಕರೆದಿದ್ದಾರೆ ಎಂದಾಗ ಅಮ್ಮ, "ಯಾವ ಅನುಕ್ಕ? ಮದ್ದೂರಿನ ಅನಸೂಯಕ್ಕನಾ?" ಎಂದದ್ದರಲ್ಲಿ ಅವಳ ತಪ್ಪೇನೂ ಇಲ್ಲ.

ಅಂಗಡಿಗೆ ಹೋದರೆ ಒಂದು ಕಾರ್ಡಿನಲ್ಲಿ ಈ ಯಹೂದಿ ಹಬ್ಬದ ಹೆಸರು 'ಎಚ್'ನಿಂದ ಶುರು, ಇನ್ನೊಂದರಲ್ಲಿ 'ಸಿಎಚ್'ನಿಂದ. ಒಂದಕ್ಕೆ ಎರಡು 'ಕೆ', ಇನ್ನೊಂದಕ್ಕೆ ಒಂದೇ. ಹೀಬ್ರೂವಿನಲ್ಲಿ ಐದೇ ಅಕ್ಷರ, ಜಗಳವೇ ಇಲ್ಲ. ಮೊದಲನೆಯದನ್ನು ಗಂಟಲು ಕೆರೆದು ಹೇಳಬೇಕು. ಆ ಕೆರೆತಕ್ಕೆ ಇಂಗ್ಲಿಷಿನಲ್ಲಿ ಅಕ್ಷರವಿಲ್ಲದ್ದರಿಂದ ಈ ಪಾಡು. ಸುಮ್ಮನೆ ಖಾಲಿ ಕಾರ್ಡು ತಂದು ಕನ್ನಡದಲ್ಲೇ ಬರೆದೆ. ಒತ್ತಕ್ಷರ ಇರುವಾಗ ಎರಡು 'ಕೆ'ಗೇನು ಚಿಂತೆ!

ಅರ್ಥ ಹೇಳಲು ಹೋಗಿ ಕೆಟ್ಟೆ. "ಸಮರ್ಪಣೆ ಅಂತ ಅರ್ಥ ಅಮ್ಮ. ಹೊಸ ಮನೆ ಹೊಕ್ಕರೂ ಅವರು ಹನುಕ್ಕತ್ ಹಬಾಯಿತ್ ಅಂತಾರೆ." ಅಮ್ಮನಿಗೆ ಹೊಸ ಮನೆಯಷ್ಟೇ ಕೇಳಿಸಿತು. ಸ್ಟೀಲ್ ಡಬ್ಬಿ, ರವಿಕೆ ಕಣ, ಅರಿಶಿನ ಕುಂಕುಮ, ಊದುಬತ್ತಿ ಎಲ್ಲ ಚೀಲ ಸೇರಿದವು.

"ಗೃಹಪ್ರವೇಶ ಅಲ್ಲಮ್ಮ! ಆಂಟಿಯೋಕಸ್ ಅನ್ನೋ ರಾಜ ಜೆರುಸಲೇಮಿನ ದೇಗುಲ ಕೆಡಿಸಿದ್ದ. ಕ್ರಿ.ಪೂ. 164ರಲ್ಲಿ ಯಹೂದಿ ವೀರ ಯೂದಾ ಮಕಾಬಿಯ ಕಡೆಯವರು ಅದನ್ನ ಗೆದ್ದು, ಶುದ್ಧ ಮಾಡಿ ದೀಪ ಹಚ್ಚಿದರು. ಒಂದು ದಿನದ ಎಣ್ಣೆ ಎಂಟು ದಿನ ಉರೀತಂತೆ."

"ಸಂಪ್ರೋಕ್ಷಣೆ ಅಂತ ಮೊದಲೇ ಹೇಳಬಾರದಾ?"

ಅರ್ಧ ಗಂಟೆ ತಡಕಾಡಿದ್ದ ಪದ. ಸಿಟ್ಟು ಬಂತು.

ಎರಡನೆಯ ರಾತ್ರಿ. ಕಿಟಕಿಯಲ್ಲಿ ಒಂಬತ್ತು ಕವಲಿನ ದೀಪಸ್ತಂಭ, ಹಬ್ಬದ ಬತ್ತಿ ಎರಡು, ಅವನ್ನು ಹಚ್ಚುವ ಬತ್ತಿ ಒಂದು. ಅಮ್ಮ ಕೈಮುಗಿದು, ನಾನು ಹಾಂ ಅನ್ನುವುದರೊಳಗೆ, ಊದುಬತ್ತಿಯನ್ನು ಹಬ್ಬದ ದೀಪಕ್ಕೇ ಹಿಡಿದಳು. ಅಜ್ಜಿ ಹೌಹಾರಿದರು. ಆ ದೀಪಗಳು ನೋಡುವುದಕ್ಕೆ ಮಾತ್ರ, ಕೆಲಸಕ್ಕೆ ಬಳಸುವಂತಿಲ್ಲ. ಕೆಲಸಕ್ಕೆಂದೇ ಮತ್ತೊಂದು ಬತ್ತಿಯಿದೆ, ಹೆಸರು ಶಮಾಷ್. ನಾಚಿಕೆಯಿಂದ ಅನುವಾದಿಸಿದೆ.

"ಪರಿಚಾರಕ ಅನ್ನು," ಎಂದು ಅಮ್ಮ ಊದುಬತ್ತಿಯನ್ನು ಅತ್ತ ತಿರುಗಿಸಿದಳು. ಅವರ ಪ್ರಾರ್ಥನಾ ಮಂದಿರದ ಸೇವಕನಿಗೂ ಅದೇ ಹೆಸರಂತೆ. ಅಜ್ಜಿಗೆ ಅಮ್ಮನ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು.

ಡಬ್ಬಿಯ ತುಂಬ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಲಾಟ್ಕೆ ಬಂತು. ಆಮೇಲೆ ಅಜ್ಜಿ ನನ್ನ ಕಾರ್ಡು ಬಿಡಿಸಿ, ಕನ್ನಡಕ ಮೇಲೇರಿಸಿ, "ಇದು ಎಷ್ಟನೆಯ ಸ್ಪೆಲಿಂಗು?" ಎಂದರು.

ಅಮ್ಮ ಬಗ್ಗಿ ಓದಿದಳು. ಅಮ್ಮನ ಮಾತು ಕಿವಿಯಲ್ಲಿಟ್ಟುಕೊಂಡು ಬರೆದಿದ್ದೆನಲ್ಲ, ದಪ್ಪ ಅಕ್ಷರದಲ್ಲಿತ್ತು: 'ಅನುಕ್ಕಾ ಹಬ್ಬದ ಶುಭಾಶಯ'.

"ಸರಿಯಾಗೇ ಬರ್ದಿದ್ದೀಯಲ್ಲ," ಎಂದಳು.