ತರುವಾಯ ಸಾಂಸ್ಕೃತಿಕ ಕಾರ್ಯಕ್ರಮ

ನವೆಂಬರ್ 1 ಅನ್ನುವುದು ರಾಜ್ಯೋತ್ಸವ ಮಾಡಬಹುದಾದ ಅತಿ ಮುಂಚಿನ ತಾರೀಕು, ಅಷ್ಟೇ. 1956ರಲ್ಲಿ ನಾಡು ಒಂದಾದದ್ದೂ 1973ರಲ್ಲಿ ಕರ್ನಾಟಕ ಎಂದು ಹೆಸರಾದದ್ದೂ ಅದೇ ದಿನ ಎಂಬುದು ಶಾಲೆಯ ಪಾಠ. ಬಡಾವಣೆಯ ಸಂಘದ ಪಾಲಿಗೆ ಮುಖ್ಯ ಅತಿಥಿಗಳ ಡೇಟು ಸಿಕ್ಕ ದಿನವೇ ರಾಜ್ಯೋತ್ಸವ. ಜನವರಿಗೆ ಸಿಕ್ಕರೆ 'ರಾಜ್ಯೋತ್ಸವ ಹಾಗೂ ಸಂಕ್ರಾಂತಿ ಸಂಭ್ರಮ', ಫೆಬ್ರವರಿಗೆ ಸಿಕ್ಕರೆ 'ರಾಜ್ಯೋತ್ಸವ ಹಾಗೂ ವಾರ್ಷಿಕೋತ್ಸವ', ಮಾರ್ಚಿಗೆ ಜಾರಿದರೆ ಮಹಿಳಾ ದಿನಾಚರಣೆಯನ್ನೂ ಸೇರಿಸಿಕೊಂಡರಾಯಿತು. ಬ್ಯಾನರಿನ ತಲೆಬರಹ ಒಂದೇ ಬದಲಾಗುವುದು. ಕೆಳಗಿನ ಮುಖಗಳು ಹಾಗೇ ಇರುತ್ತವೆ.

ಈ ಸೀಸನ್ನಿನ ಆಹ್ವಾನ ಪತ್ರಿಕೆಗಳು ಮನೆ ಬಾಗಿಲಿಗೆ ಬರತೊಡಗಿವೆ. ಓದುವ ಕ್ರಮ ಗೊತ್ತಿಲ್ಲದವರು ಮೊದಲ ಪುಟದಿಂದ ಶುರುಮಾಡಿ ದಣಿಯುತ್ತಾರೆ. ಬಲ್ಲವರು ನೇರ ಕೊನೆಯ ಪುಟದ ಕೊನೆಯ ಸಾಲಿಗೆ ಹೋಗುತ್ತಾರೆ. ಅಲ್ಲಿ, ಮುದ್ರಣಾಲಯದವನ ಫೋನ್ ನಂಬರಿಗಿಂತ ಒಂದು ಪಾಯಿಂಟು ದೊಡ್ಡ ಅಕ್ಷರದಲ್ಲಿ, 'ತರುವಾಯ ಮಕ್ಕಳಿಂದ ಸಾಂಸ್ಕೃತಿಕ ಕಾರ್ಯಕ್ರಮ' ಎಂದಿರುತ್ತದೆ. ಜನ ಬರುವುದು ಆ ಒಂದು ಸಾಲಿಗೆ. ಉಳಿದ ನಾಲ್ಕು ಪುಟ ಅಚ್ಚಾಗಿರುವುದು ವೇದಿಕೆಯ ಮೇಲೆ ಕೂರುವವರಿಗಾಗಿ.

ಪತ್ರಿಕೆ ಸಿದ್ಧಪಡಿಸುವುದು ಸುಲಭದ ಕೆಲಸವಲ್ಲ. ದಿವ್ಯ ಸಾನ್ನಿಧ್ಯ, ಸಮ್ಮುಖ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಎಂಬ ನಾಲ್ಕು ಬಗೆಯ ಹಾಜರಿ ಇದೆ. ನಾಲ್ವರೂ ಮಾಡುವುದು ಕೂರುವ ಕೆಲಸವನ್ನೇ, ಆದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರ ಹೆಸರು ಹೋದರೆ ಸಂಘ ಒಡೆದು ಮುಂದಿನ ವರ್ಷ ಎರಡು ರಾಜ್ಯೋತ್ಸವ ಆಗುತ್ತದೆ. ಉದ್ಘಾಟನೆಗೆ ಒಬ್ಬರು, ಜ್ಯೋತಿ ಬೆಳಗಿಸಲು ಇನ್ನೊಬ್ಬರು, ಅಧ್ಯಕ್ಷತೆಗೆ ಮತ್ತೊಬ್ಬರು. ಇವರಲ್ಲಿ ಯಾರಲ್ಲೂ ಸೇರದೆ ಉಳಿದ ದಾನಿಗಳಿಗೆ 'ವಿಶೇಷ ಆಹ್ವಾನಿತರು' ಎಂಬ ಉಗ್ರಾಣ ಇದೆ, ಅದಕ್ಕೆ ಮಿತಿ ಇಲ್ಲ. ಹೆಸರು ಬಿಟ್ಟುಹೋದವರಿಗೆ ಕಾರ್ಡಿನ ತಳದಲ್ಲಿ 'ಸರ್ವರಿಗೂ ಆದರದ ಸುಸ್ವಾಗತ' ಹಾಕುವುದು ರೂಢಿ. ಅದನ್ನು ಓದಿ ಸಮಾಧಾನಗೊಂಡವರು ಈವರೆಗೆ ಯಾರೂ ಇಲ್ಲ.

ಕಾರ್ಡಿನ ಜೊತೆಗೆ ಫ್ಲೆಕ್ಸು. ಪ್ಲಾಸ್ಟಿಕ್ ಬ್ಯಾನರು, ಬಂಟಿಂಗು, ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2016ರ ಮಾರ್ಚಿನಲ್ಲಿ. ಊರ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರದು. ಎರಡನ್ನೂ ಜಾರಿಗೆ ತರಬೇಕಾದವರ ಫೋಟೊಗಳನ್ನೇ ಫ್ಲೆಕ್ಸಿನ ಮೇಲುಸಾಲಿನಲ್ಲಿ ಹಾಕಿದರೆ ಅದು ವಾರಗಟ್ಟಲೆ ಸುರಕ್ಷಿತ. 10 ಅಡಿಗೆ 8 ಅಡಿಯ ಒಂದು ಫ್ಲೆಕ್ಸಿನಲ್ಲಿ 30 ಮುಖ ಕೂರಿಸಬಹುದು. ಕಾರ್ಯಕ್ರಮ ಕೊಡುವ ಕಲಾವಿದರ ಮುಖಕ್ಕೆ ಜಾಗ ಸಾಲುವುದಿಲ್ಲ. ಅದೊಂದೇ ಬಾಬತ್ತಿನಲ್ಲಿ ಸಂಘ ಮಿತವ್ಯಯಿ.

ಇನ್ನು ಕಾರ್ಯಕ್ರಮದ ದಿನ. ಪತ್ರಿಕೆಯಲ್ಲಿ 'ಸಂಜೆ 5.00ಕ್ಕೆ ಸರಿಯಾಗಿ' ಎಂದಿದ್ದರೆ ಅತಿಥಿಗಳು 6.30ಕ್ಕೆ ಬರುತ್ತಾರೆ. ಆದರೆ ಡೊಳ್ಳಿನ ತಂಡ, ಪೂರ್ಣಕುಂಭ ಹೊತ್ತ ಹೆಣ್ಣುಮಕ್ಕಳು 4.30ಕ್ಕೇ ಗೇಟಿನ ಬಳಿ ನಿಲ್ಲಬೇಕು. ಕಲಶಕ್ಕೆ 2 ಲೀಟರು ನೀರು ತುಂಬಿದರೆ ಹಿತ್ತಾಳೆಯ ತೂಕ, ತೆಂಗಿನಕಾಯಿ ಎಲ್ಲ ಸೇರಿ 4 ಕಿಲೋ ಹತ್ತಿರ. ಎರಡು ತಾಸು ಹಿಡಿದು ನಿಂತವರ ಮೊಣಕೈ ನಡುಗಿ ನೀರು ರೇಷ್ಮೆ ಸೀರೆಯ ಮೇಲೆ ಚೆಲ್ಲುತ್ತದೆ. ಅನುಭವಸ್ಥರು ಕಲಶದ ತಳದಲ್ಲಿ ಒಂದು ಲೋಟ ನೀರು ಬಿಟ್ಟು, ಕಂಠಕ್ಕೆ ಮಾವಿನೆಲೆ ಬಿಗಿಯಾಗಿ ಜೋಡಿಸಿ, ಕಾಯಿ ಕೂರಿಸುತ್ತಾರೆ. ಪೂರ್ಣಕುಂಭ ಮುಕ್ಕಾಲು ಖಾಲಿ ಇರುವುದು ಅತಿಥಿಗಳಿಗೆ ಗೊತ್ತಾಗುವುದಿಲ್ಲ, ಅವರ ಕಣ್ಣು ಕ್ಯಾಮೆರಾದ ಕಡೆಗಿರುತ್ತದೆ. ಡೊಳ್ಳಿನವರ ಪಾಡು ಬೇರೆ. ಯಾವುದೋ ಬಿಳಿ ಕಾರು ತಿರುವಿನಲ್ಲಿ ಕಂಡಿತೆಂದು ಬಾರಿಸಲು ಶುರುಮಾಡುತ್ತಾರೆ. ಕಾರು ಮುಂದಿನ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ನಾಲ್ಕು ಸಲ ಹೀಗಾಗುವಷ್ಟರಲ್ಲಿ ಚಳಿಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ನಾದ ಇಳಿದಿರುತ್ತದೆ. ಹಗ್ಗ ಬಿಗಿಯಲು ಕೂತ ಹೊತ್ತಿಗೇ ನಿಜವಾದ ಕಾರು ಬರುವುದು.

ದೀಪ ಬೆಳಗುವ ಶಾಸ್ತ್ರದಲ್ಲಿ ತಪ್ಪುವುದು ಬತ್ತಿ. ಒಣಬತ್ತಿಯನ್ನು ಕೊನೇ ಗಳಿಗೆಯಲ್ಲಿ ಎಣ್ಣೆಗಿಟ್ಟರೆ ತುದಿ ಸುಟ್ಟು ಆರುತ್ತದೆ. ಅರ್ಧ ಗಂಟೆ ಮೊದಲೇ ನೆನೆಸಿ, ತುದಿಗೆ ಚೂರು ಕರ್ಪೂರ ಸವರಿ, ಪಕ್ಕದ ಪೆಡೆಸ್ಟಲ್ ಫ್ಯಾನು ಆರಿಸಿದರೆ ಮೊದಲ ಕಡ್ಡಿಗೇ ಹತ್ತುತ್ತದೆ. ಆದರೆ ದೊಡ್ಡ ತೊಡಕು ಅದಲ್ಲ. ದೀಪಕ್ಕೆ ಬತ್ತಿ 5, ಗಣ್ಯರು 18. ಮೊದಲ ಐವರು ಹಚ್ಚಿದ ಮೇಲೆ ಉಳಿದ 13 ಜನ ಮುಂದಿನವರ ಮೊಣಕೈ ಮುಟ್ಟಿಕೊಂಡು ನಿಲ್ಲುತ್ತಾರೆ. ಮುಟ್ಟಿದರೂ ಬೆಳಗಿದಂತೆಯೇ ಲೆಕ್ಕ, ಫೋಟೊದಲ್ಲಿ ಬಂದರೆ ಸಾಕು. ಈಚೆಗೆ ಪರಿಸರಸ್ನೇಹಿ ಉದ್ಘಾಟನೆ ಎಂದು ಗಿಡಕ್ಕೆ ನೀರೆರೆಯುವ ಪದ್ಧತಿಯೂ ಬಂದಿದೆ. ಹದಿನೆಂಟು ಚೊಂಬು ನೀರು ಕುಡಿದ ಆ ಗಿಡ ಬೆಳಿಗ್ಗೆ ಕುಂಡದ ಸಮೇತ ನರ್ಸರಿಗೆ ವಾಪಸು ಹೋಗುತ್ತದೆ.

ಇಡೀ ಸಂಜೆಯಲ್ಲಿ ಇಷ್ಟೇ ಹೊತ್ತು ಎಂದು ಸರ್ಕಾರ ಗೊತ್ತುಮಾಡಿದ ಬಾಬತ್ತು ಒಂದೇ, ನಾಡಗೀತೆ. 2022ರ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ಧಾಟಿ ಯಾವುದು, ಸಾಲು ಎಷ್ಟು ಸಲ ಎಂದು ವರ್ಷಗಟ್ಟಲೆ ಚರ್ಚೆ ನಡೆದು ಆದ ತೀರ್ಮಾನ ಅದು. ಪ್ರಾಸ್ತಾವಿಕ ನುಡಿಗೂ ಇಂಥದೊಂದು ಸಮಿತಿ ಕೂರಬೇಕಿತ್ತು. ಧಾಟಿಯ ವಿಷಯದಲ್ಲಿ ಅಲ್ಲಿ ಭಿನ್ನಾಭಿಪ್ರಾಯವೂ ಇಲ್ಲ, ಎಲ್ಲರದೂ ಒಂದೇ.

ಈಗ ಗಣಿತ. ಸನ್ಮಾನ ಅಂದರೆ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಆಮೇಲೆ 'ಸಾರ್, ಇಲ್ಲಿ ನೋಡಿ' ಎಂಬ ಫೋಟೊ. ಎಷ್ಟು ಅವಸರ ಮಾಡಿದರೂ ತಲೆಗೆ 2 ನಿಮಿಷ. ಹದಿನೆಂಟು ತಲೆಗೆ 36. ಮಾತಾಡುವವರು 10 ಜನ, ತಲಾ 7 ನಿಮಿಷ ಎಂದು ಹಿಡಿದರೆ (ಇದು ನಿರೂಪಕರ ಆಸೆ) 70. ಇದರಲ್ಲಿ ಸಂಬೋಧನೆ ಸೇರಿಲ್ಲ. ಪ್ರತಿ ಭಾಷಣಕಾರರೂ ವೇದಿಕೆಯ ಮೇಲಿನ 18 ಜನರನ್ನು ಬಿರುದು ಸಮೇತ ಹೆಸರಿಸಬೇಕು. ಒಂದು ಹೆಸರಿಗೆ 4 ಸೆಕೆಂಡಿನಂತೆ 72 ಸೆಕೆಂಡು, ಹತ್ತು ಜನರದು ಸೇರಿ ಸರಿಯಾಗಿ 12 ನಿಮಿಷ. ಭರತನಾಟ್ಯದಲ್ಲಿ ಮೊದಲು ಬರುವ ಅಲರಿಪು ಮುಗಿದು ಅದರ ಮುಂದಿನ ಜತಿಸ್ವರವೂ ಮುಗಿಯುತ್ತ ಬರುವಷ್ಟು ಹೊತ್ತು ಬರೀ 'ವೇದಿಕೆಯ ಮೇಲೆ ಆಸೀನರಾಗಿರುವ' ಎಂಬುದಕ್ಕೇ ಹೋಯಿತು. ಮೆರವಣಿಗೆಗೆ 15, ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಸೇರಿ 20, ರಂಗೋಲಿ ಮತ್ತು ಮ್ಯೂಸಿಕಲ್ ಚೇರ್ ಬಹುಮಾನ ವಿತರಣೆಗೆ 12, ವಂದನಾರ್ಪಣೆ ಮತ್ತು ಕುರ್ಚಿ ತೆಗೆಯಲು 10. ಒಟ್ಟು 175 ನಿಮಿಷ. 6.30ಕ್ಕೆ ಶುರುವಾದದ್ದು 9.25ಕ್ಕೆ ಮುಗಿಯುತ್ತದೆ.

ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ಸರ್ಕಾರ 12ರವರೆಗೆ ಬಿಡಬಹುದಾದರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆ 15ರಲ್ಲಿ ಒಂದು ನಮ್ಮ ಬಡಾವಣೆಯ ಮಾರ್ಚ್ ತಿಂಗಳ ರಾಜ್ಯೋತ್ಸವಕ್ಕೆ ಸಿಗುವ ಸಂಭವ ಕಡಿಮೆ. ಹಾಗಾಗಿ ಉಳಿದದ್ದು 35 ನಿಮಿಷ. ಮಕ್ಕಳ ಐಟಂಗಳು 22. ಒಂದಕ್ಕೆ ಬರುವುದು, ನಿಲ್ಲುವುದು, ಕುಣಿಯುವುದು, ಇಳಿಯುವುದು ಎಲ್ಲ ಸೇರಿ 95 ಸೆಕೆಂಡು.

ಇದನ್ನು ಅವ್ಯವಸ್ಥೆ ಎನ್ನುವವರಿಗೆ ಸಂಘಟನೆಯ ಒಳಗುಟ್ಟು ಗೊತ್ತಿಲ್ಲ. ಭಾಷಣ ಕೇಳಲು ಯಾರೂ ಬರುವುದಿಲ್ಲ. ತಂದೆ ತಾಯಿ, ಅಜ್ಜಿ, ಚಿಕ್ಕಮ್ಮ, ಸೋದರಮಾವ ಬರುವುದು ತಮ್ಮ ಮನೆಯ ಮಗುವಿನ ಕುಣಿತ ನೋಡಲು. ಒಂದು ಮಗುವಿಗೆ ಸರಾಸರಿ 4 ಜನ. ಮಗು ಕುಣಿದಾದ ಮೇಲೆ ಆ ನಾಲ್ವರೂ ಎದ್ದು ಹೋಗುತ್ತಾರೆ. ಮಕ್ಕಳನ್ನು ಮೊದಲು ಕುಣಿಸಿದರೆ ಪ್ರಾಸ್ತಾವಿಕ ನುಡಿಯ ಹೊತ್ತಿಗೆ ಕೇಳಲು ಉಳಿಯುವವರು ಶಾಮಿಯಾನದ ಹುಡುಗರು ಮಾತ್ರ. ಆದ್ದರಿಂದ ಕುಣಿತ ಕೊನೆಗೆ. ಗುಂಪಿನಲ್ಲಿ ಮಕ್ಕಳು ಹೆಚ್ಚಿದ್ದಷ್ಟೂ ಮುಂದಿನ ಸಾಲುಗಳು ತುಂಬಿರುತ್ತವೆ ಎಂಬುದನ್ನರಿತೇ ನೃತ್ಯ ಕಲಿಸುವ ಮೇಡಂಗೆ 'ಒಂದು ಹಾಡಿಗೆ ಹದಿನಾರು ಮಕ್ಕಳನ್ನು ಹಾಕಿ' ಎಂದು ಹೇಳಿರುತ್ತಾರೆ. ಅಡವಿಟ್ಟ ಒಡವೆಗೆ ಬಡ್ಡಿ ಕಟ್ಟುವಂತೆ ಹೆತ್ತವರು ಮೂರು ತಾಸು ಭಾಷಣ ಕೇಳಿ ತಮ್ಮ ಮಗುವನ್ನು ಬಿಡಿಸಿಕೊಳ್ಳುತ್ತಾರೆ. ಊಟದ ಕೌಂಟರನ್ನು ವಂದನಾರ್ಪಣೆವರೆಗೆ ತೆರೆಯದಿರುವುದು ಇದೇ ಶಾಸ್ತ್ರದ ಎರಡನೇ ಸೂತ್ರ. ಪಲಾವಿನ ಘಮ ಬರುತ್ತಿರಬೇಕು, ಪಲಾವು ಬರಬಾರದು.

ಮಕ್ಕಳಿಗೆ ಮೇಕಪ್ 3 ಗಂಟೆಗೆ. ಮುಖಕ್ಕೆ ಪ್ಯಾನ್‌ಕೇಕು, ಕಾಲಿಗೆ ಅಲ್ತಾ, ಚೌರಿಗೂದಲು ಸೇರಿಸಿ ಕಟ್ಟಿದ ಜಡೆಗೆ ಎರಡು ಡಜನ್ ಹೇರ್‌ಪಿನ್ನು. ಆರೂವರೆ ತಾಸಿನಲ್ಲಿ ಬೆವರಿಗೆ ಕಾಡಿಗೆ ಕೆನ್ನೆಗಿಳಿಯುತ್ತದೆ. ಬಾಡಿಗೆ ಡ್ರೆಸ್ಸಿನ ಜರಿ ಕಂಕುಳಲ್ಲಿ ಚುಚ್ಚುತ್ತದೆ. ಆ ಡ್ರೆಸ್ಸಿಗೆ ಏಳು ಸೇಫ್ಟಿಪಿನ್ನು ಹಾಕಿರುವುದರಿಂದ ಶೌಚಕ್ಕೆ ಕರೆದೊಯ್ಯುವುದು ಹತ್ತು ನಿಮಿಷದ ಕೆಲಸ. ಛದ್ಮವೇಷದ ವಿಭಾಗದಲ್ಲಿ ಕಿತ್ತೂರು ಚೆನ್ನಮ್ಮ ನಾಲ್ವರು, ಒನಕೆ ಓಬವ್ವ ಮೂವರು. ಒಂಬತ್ತು ಗಂಟೆಗೆ ಚೆನ್ನಮ್ಮರಲ್ಲಿ ಇಬ್ಬರು ಕತ್ತಿ ತಬ್ಬಿಕೊಂಡು ಮಲಗಿರುತ್ತಾರೆ. ಒನಕೆಯನ್ನು ರಟ್ಟಿನ ಕೊಳವೆಗೆ ಕಂದು ಕಾಗದ ಸುತ್ತಿ ಮಾಡಿದ್ದರೆ ಬಾಳುತ್ತದೆ. ಥರ್ಮಾಕೋಲಿನದಾದರೆ ಗ್ರೀನ್ ರೂಮಿನ ಯುದ್ಧದಲ್ಲೇ ಮುರಿದಿರುತ್ತದೆ.

ಅಷ್ಟರಲ್ಲಿ ವೇದಿಕೆ ಖಾಲಿಯಾಗಿದೆ ಅನ್ನುತ್ತಾರೆ. ಕುರ್ಚಿ ಹೋಗಿರುತ್ತವೆ, ಸುಗಂಧರಾಜದ ಎಸಳು, ಶಾಲಿನ ಪ್ಲಾಸ್ಟಿಕ್ ಕವರು, ಗುಂಡುಪಿನ್ನು ಉಳಿದಿರುತ್ತವೆ. ಬರಿಗಾಲಲ್ಲಿ ಕುಣಿಯುವವರಿಗೆ ಒದ್ದೆ ಎಸಳು ಜಾರುತ್ತದೆ, ಪಿನ್ನು ಚುಚ್ಚುತ್ತದೆ. ಒಂದು ಪೊರಕೆಗೆ 2 ನಿಮಿಷ ಕೊಟ್ಟರೆ ಮುಗಿಯಿತು. ಆದರೆ ಕಾರ್ಯಸೂಚಿಯಲ್ಲಿ ಪೊರಕೆಗೆ ಹೆಸರಿಲ್ಲ.

ಹಾಡು ಪೆನ್‌ಡ್ರೈವಿನಲ್ಲಿ ತನ್ನಿ ಎಂದಿದ್ದರೆ ಅರ್ಧ ಮಂದಿ ಮೊಬೈಲಿನಲ್ಲಿ ತರುತ್ತಾರೆ. ಕೇಬಲ್ ಚುಚ್ಚಿದ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ ಮೊದಲ ಚರಣದಲ್ಲೇ ಕರೆ ಬರುತ್ತದೆ. ರಿಂಗ್‌ಟೋನು 2,000 ವಾಟಿನಲ್ಲಿ ಮೊಳಗುತ್ತದೆ, ಮಕ್ಕಳು ಅದಕ್ಕೂ ಎರಡು ಹೆಜ್ಜೆ ಹಾಕಿಬಿಡುತ್ತಾರೆ. ಹಾಡುವ ಮಕ್ಕಳಿದ್ದರೆ ಅವರ ಕಡೆ ಮುಖಮಾಡಿದ ಒಂದು ಮಾನಿಟರ್ ಸ್ಪೀಕರು ಬೇಕು. ಇಲ್ಲದಿದ್ದರೆ ಟ್ರ್ಯಾಕು ಕೇಳಿಸದೆ ಅವರು ಒಂದು ಸಾಲು ಮುಂದೆ, ಟ್ರ್ಯಾಕು ಒಂದು ಸಾಲು ಹಿಂದೆ. ಜೋರಾಗಿ ಕೇಳಲಿ ಎಂದು ಮುಖ್ಯ ಸ್ಪೀಕರನ್ನೇ ಮೈಕಿನತ್ತ ತಿರುಗಿಸಿದರೆ ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ ಸುತ್ತಿ ಕಿವಿಗಡಚಿಕ್ಕುವ ಕೂಗು ಏಳುತ್ತದೆ. ಕಾರ್ಡ್‌ಲೆಸ್ ಮೈಕಿನ ಬ್ಯಾಟರಿಯಂತೂ ಭಾಷಣಗಳಲ್ಲೇ ಸತ್ತಿರುತ್ತದೆ.

ದೊಡ್ಡ ಕಲಾವಿದರನ್ನು ಕರೆಸಿದರೆ ಇನ್ನೂ ಚಂದ. ಅರ್ಧ ಗಂಟೆಗೂ ಮೀರುವ 'ವರ್ಣ' ಎಂಬ ನೃತ್ಯಬಂಧವನ್ನು ಅಭ್ಯಾಸ ಮಾಡಿಕೊಂಡು ಬಂದ ನೃತ್ಯಗಾತಿಗೆ 'ಮೇಡಂ, ಅದನ್ನೇ ಐದು ನಿಮಿಷದಲ್ಲಿ ಸ್ವಲ್ಪ ಫಾಸ್ಟಾಗಿ' ಎಂಬ ಚೀಟಿ ಹೋಗುತ್ತದೆ. ರಾತ್ರಿಯಿಡೀ ಆಡುವುದನ್ನು ಮೊಟಕು ಮಾಡಿದ ಕಾಲಮಿತಿ ಯಕ್ಷಗಾನವೇ ತಾಸುಗಟ್ಟಲೆಯದು. ಅವರಿಗೆ ಇಪ್ಪತ್ತು ನಿಮಿಷ ಕೊಟ್ಟು 'ಯುದ್ಧದಿಂದ ಶುರುಮಾಡಿ' ಅನ್ನುತ್ತಾರೆ. ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳಲು ಹಿಡಿದ ಹೊತ್ತಿನಲ್ಲಿ ಕಾಲು ಭಾಗವೂ ರಂಗದ ಮೇಲೆ ಸಿಗುವುದಿಲ್ಲ. ಶಾಲು ಮಾತ್ರ ಸಿಗುತ್ತದೆ. ಸಂಭಾವನೆಯ ಕವರು ಖಜಾಂಚಿಯವರ ಬಳಿ ಇರುತ್ತದೆ, ಖಜಾಂಚಿಯವರು ಊಟಕ್ಕೆ ಹೋಗಿರುತ್ತಾರೆ.

ಹೀಗಲ್ಲದೆ ನಡೆಯುವುದೇ ಇಲ್ಲ ಎಂದೇನಿಲ್ಲ. ಬೆಂಗಳೂರಿನ ರಂಗಶಂಕರದಲ್ಲಿ 2004ರಿಂದ ನಾಟಕ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ತಡವಾಗಿ ಬಂದವರು ಯಾರೇ ಆದರೂ ಬಾಗಿಲ ಹೊರಗೆ. ಬಡಾವಣೆಯಲ್ಲಿ ಆ ನಿಯಮ ತಂದರೆ 5 ಗಂಟೆಗೆ ಒಳಗಿರುವವರು ಮಕ್ಕಳು, ಡೊಳ್ಳಿನವರು, ಅಜ್ಜಿಯಂದಿರು. ಹೊರಗೆ ಉಳಿಯುವವರು ಕಾರ್ಡಿನ ಮೊದಲ ಮೂರು ಪುಟ.

ಕಳೆದ ಸಲ 22ರಲ್ಲಿ 9 ಐಟಂ ಆಗುವಷ್ಟರಲ್ಲಿ ಬೀಟ್ ಪೊಲೀಸರು ಬಂದು ಗಡಿಯಾರ ತೋರಿಸಿದರು. ಉಳಿದ ಹದಿಮೂರಕ್ಕೆ ಸಮಾಧಾನಕರ ಬಹುಮಾನವಾಗಿ ಸ್ಟೀಲ್ ಡಬ್ಬಿ ಕೊಡಲಾಯಿತು. ಹೆತ್ತವರ ಆಕ್ಷೇಪಣೆಯನ್ನು ಸಂಘ ಗಂಭೀರವಾಗಿ ಪರಿಗಣಿಸಿ, ಈ ವರ್ಷ ಸಮಯದ ಅಭಾವ ಆಗದಂತೆ 'ಸಮಯಪಾಲನಾ ಉಪಸಮಿತಿ'ಯೊಂದನ್ನು ರಚಿಸಿದೆ. ಉಪಸಮಿತಿಯ ಅಧ್ಯಕ್ಷರಿಗೆ ವೇದಿಕೆಯಲ್ಲಿ ಹತ್ತೊಂಬತ್ತನೇ ಕುರ್ಚಿ, ಹಾರ, ಶಾಲು, ಪೇಟ. 'ಕಾಲದ ಮಹತ್ವ' ಎಂಬ ವಿಷಯವಾಗಿ ಅವರು ಹದಿನೈದು ನಿಮಿಷ ಮಾತಾಡಲಿದ್ದಾರೆ.