ಕಲಾವಿದರೇ, ನಿಮ್ಮ ಕಷ್ಟ ಸ್ವಲ್ಪ ಹೇಳಿ

ಹಾಸನದಲ್ಲಿ ಈಗ ಹಾಡುವವರಿಗಿಂತ, ಹಾಡುವವರನ್ನು ಕೂರಿಸಿ ಮಾತಾಡಿಸುವವರು ಜಾಸ್ತಿ ಆಗಿದ್ದಾರೆ. ಕಛೇರಿ ಇಟ್ಟರೆ ತಂಬೂರಿ ಬೇಕು, ಪಕ್ಕವಾದ್ಯ ಬೇಕು, ಕೇಳುವ ಜನ ಬೇಕು. ಸಂವಾದಕ್ಕೆ ಎರಡು ಕುರ್ಚಿ, ಒಂದು ಮೈಕು ಸಾಕು. ಜನ ಬರದಿದ್ದರೂ ಚಿಂತೆ ಇಲ್ಲ, ಮೊಬೈಲ್‌ನಲ್ಲಿ ಲೈವ್ ಬಿಟ್ಟರಾಯಿತು. ಹಾಸನಾಂಬ ಕಲಾಕ್ಷೇತ್ರದಿಂದ ಹಿಡಿದು ಕಾಲೇಜಿನ ಸೆಮಿನಾರ್ ಹಾಲ್‌ವರೆಗೆ ಎಲ್ಲಿ ಇಣುಕಿದರೂ ಒಬ್ಬ ಕಲಾವಿದ ಸಿಗುತ್ತಾನೆ. ಶಾಲು ಹೊದ್ದು, ಪೇಟ ತೊಟ್ಟು, ಬೆವರು ಒರೆಸಿಕೊಳ್ಳುತ್ತಾ ತಾನು ಈ ಕ್ಷೇತ್ರಕ್ಕೆ ಹೇಗೆ ಬಂದೆ ಅಂತ ಹೇಳುತ್ತಿರುತ್ತಾನೆ.

ಪ್ರಶ್ನೆಗಳು ಎಲ್ಲ ಕಡೆಯೂ ಒಂದೇ. ಮನೆಯಲ್ಲಿ ಸಂಗೀತದ ವಾತಾವರಣ ಇತ್ತಾ? ಗುರುಗಳು ಹೊಡೀತಿದ್ರಾ? ಮರೆಯಲಾಗದ ಘಟನೆ ಯಾವುದು? ಇಂದಿನ ಯುವಜನರಿಗೆ ನಿಮ್ಮ ಸಂದೇಶ ಏನು? ಈ ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಯುವಜನರು ಕ್ಯಾಂಟೀನಿನಲ್ಲಿ ಇರುತ್ತಾರೆ. ಹಾಜರಾತಿ ಆಗಲೇ ತೆಗೆದುಕೊಂಡು ಆಗಿರುತ್ತದೆ.

ಆದರೆ ಎಲ್ಲರೂ ಕಾದು ಕೂತಿರುವುದು ಕಷ್ಟದ ಪ್ರಶ್ನೆಗೆ. ನಿರೂಪಕಿ ದನಿ ಸ್ವಲ್ಪ ಇಳಿಸುತ್ತಾರೆ.

‘ಸಾರ್, ನಿಮ್ಮ ಕಷ್ಟದ ದಿನಗಳ ಬಗ್ಗೆ...’

‘ಅಂಥಾ ಕಷ್ಟ ಏನಿಲ್ಲ ಮೇಡಂ. ಅಪ್ಪ ಹೈಸ್ಕೂಲ್ ಮೇಷ್ಟ್ರು. ನಾನು ಬ್ಯಾಂಕ್‌ನಲ್ಲಿದ್ದೆ. ಸಂಜೆ ಬಂದು ಪಿಟೀಲು ಸಾಧನೆ ಮಾಡ್ತಿದ್ದೆ.’

‘ಊಟ ಇಲ್ಲದೆ ಮಲಗಿದ್ದು, ಏನಾದ್ರೂ?’

‘ಶನಿವಾರ ಒಪ್ಪತ್ತು ಮಾಡ್ತೀನಿ.’

ಸಭೆ ಕುಸಿಯಿತು. ಸಂಯೋಜಕರು ಗಡಿಯಾರ ನೋಡಿಕೊಂಡರು. ಇಂಥವರನ್ನು ಯಾಕೆ ಕರೆಸಿದಿರಿ ಅಂತ ಹಿಂದಿನ ಸಾಲಿನಲ್ಲಿ ಪಿಸುಮಾತು. ಪಾಪ, ಅವರು ಸಾವೇರಿ ರಾಗವನ್ನು ಎಷ್ಟು ಚೆನ್ನಾಗಿ ನುಡಿಸಿದರೂ ಏನು ಬಂತು? ಸಂಬಳ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಕಲಾವಿದರಾದರೆ ಅದು ಲೆಕ್ಕಕ್ಕೆ ಬರುತ್ತದಾ?

ಆಕಾಶವಾಣಿಯವರು ಆಡಿಷನ್ ಮಾಡಿ ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಕೊಡುತ್ತಾರೆ. ಸಂಭಾವನೆಯೂ ಗ್ರೇಡ್ ನೋಡಿಕೊಂಡೇ. ಸಂವಾದದವರದ್ದೂ ಒಂದು ಗ್ರೇಡ್ ಪದ್ಧತಿ ಇದೆ. ಬೀದಿದೀಪದ ಕೆಳಗೆ ಕೂತು ಕಲಿತಿದ್ದರೆ ಬಿ. ಮನೆಬಿಟ್ಟು ಓಡಿಬಂದಿದ್ದರೆ ಬಿ-ಹೈ. ಅಪ್ಪ ಕುಡಿದು ಬಂದು ಹಾರ್ಮೋನಿಯಂ ಒಡೆದಿದ್ದರೆ ಎ. ಈ ಮೂರೂ ಇದ್ದು, ಹೇಳುವಾಗ ಗಂಟಲು ಕಟ್ಟಿದರೆ ಟಾಪ್. ಇಲ್ಲಿ ಶ್ರುತಿ ಕೇಳುವವರು ಯಾರೂ ಇಲ್ಲ.

ನಮ್ಮ ಜಿಲ್ಲೆಯ ಹೆಮ್ಮೆ ರುದ್ರಪಟ್ಟಣ. ಅರಕಲಗೂಡು ತಾಲ್ಲೂಕು, ಕಾವೇರಿ ದಡ. ಅಷ್ಟು ಚಿಕ್ಕ ಊರಿನಿಂದ ಅಷ್ಟೊಂದು ವಿದ್ವಾಂಸರು ಬಂದಿದ್ದು ನಿಜಕ್ಕೂ ಅಚ್ಚರಿ. ಅಲ್ಲೀಗ ತಂಬೂರಿ ಆಕಾರದ ಮಂದಿರವೇ ಇದೆ. ಸಂವಾದದಲ್ಲಿ ಯಾರೇ ಕೂತರೂ ಈ ಊರಿನ ಮಾತು ಬರಲೇಬೇಕು, ಬಂದ ಕೂಡಲೇ ಚಪ್ಪಾಳೆ. ‘ಆ ನೀರಲ್ಲೇ ಸಂಗೀತ ಇದೆ’ ಅನ್ನುತ್ತಾರೆ. ಇರಬಹುದು. ಆದರೆ ಆ ನೀರು ಕುಡಿದವರೆಲ್ಲ ಮೈಸೂರಿಗೆ, ಬೆಂಗಳೂರಿಗೆ ಯಾಕೆ ಹೋದರು ಅಂತ ಒಬ್ಬ ನಿರೂಪಕರೂ ಕೇಳಿದ್ದು ನಾನು ನೋಡಿಲ್ಲ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ದಶಕಗಳ ಕಾಲ ಆಕಾಶವಾಣಿಯಲ್ಲಿ ನೌಕರಿ ಮಾಡಿದರು. ತೊಂಬತ್ತು ದಾಟಿದ ಮೇಲೂ ಹಾಡಿದರು. 2011ರಲ್ಲಿ ಪದ್ಮಭೂಷಣ ಬಂತು. ತಿಂಗಳು ತಿಂಗಳು ಸಂಬಳ ಕೊಡುವ ಕೆಲಸವೊಂದು ಸಂಗೀತಗಾರನಿಗೆ ಏನೇನು ಮಾಡಿಕೊಡುತ್ತದೆ ಅಂತ ಮಾತಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಆದರೆ ಸಂಬಳ, ಭವಿಷ್ಯನಿಧಿ ಅಂತೆಲ್ಲ ಶುರು ಮಾಡಿದರೆ ಸಭಿಕರಿಗೆ ಕಣ್ಣೀರು ಬರುವುದಿಲ್ಲ. ಹಾಗಾಗಿ ಮತ್ತೆ ನೀರಿಗೇ ಹೋಗುತ್ತಾರೆ.

ಇದು ಇವತ್ತಿನ ಚಾಳಿಯೂ ಅಲ್ಲ. ಬೇಲೂರಿಗೆ ಹೋಗಿ ನೋಡಿ. 1117ರ ದೇವಸ್ಥಾನ. ಅಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಮೇಲೆ ತಾವೇ ಹೆಸರು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರು, ಊರು, ಅಪ್ಪನ ಹೆಸರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದು, ಎಲ್ಲ ಅಲ್ಲೇ ಇದೆ. ಪರಿಚಯ ಮಾಡಿಕೊಡುವವರ ಕೈಗೆ ಬಯೋಡಾಟಾ ಕೊಟ್ಟರೆ ಏನಾಗುತ್ತದೆ ಅಂತ ಆಗಲೇ ಗೊತ್ತಿತ್ತೋ ಏನೋ, ಕಲ್ಲಿನಲ್ಲೇ ಬರೆದುಬಿಟ್ಟರು.

ಏನು ಉಪಯೋಗ? ನಾವು ಹೇಳುವುದು ಜಕಣಾಚಾರಿಯ ಕಥೆ. ಹೆಂಡತಿ ಮಗುವನ್ನು ಬಿಟ್ಟು ಹೋದ, ಮಗನೇ ಬಂದು ವಿಗ್ರಹದಲ್ಲಿ ದೋಷ ಇದೆ ಅಂದ, ಕಲ್ಲಿನೊಳಗಿಂದ ಕಪ್ಪೆ ಬಂತು, ಇವನು ತನ್ನ ಕೈಯನ್ನೇ ಕಡಿದುಕೊಂಡ. ಈ ಹೆಸರಿನ ಶಿಲ್ಪಿಯ ಸಹಿ ಆ ಗೋಡೆಗಳ ಮೇಲೆ ಇಲ್ಲ. ಕಥೆ ಮಾತ್ರ ಭರ್ಜರಿ ಇದೆ. ಸಂಸಾರ ತ್ಯಾಗ, ಅವಮಾನ, ಅಂಗಹಾನಿ, ಕೊನೆಗೆ ಕೈದಾಳದಲ್ಲಿ ಕೈ ಮರಳಿ ಬಂದು ಹ್ಯಾಪಿ ಎಂಡಿಂಗ್. ಸಂವಾದಕ್ಕೆ ಹೇಳಿ ಮಾಡಿಸಿದ ಅತಿಥಿ. ದಾಸೋಜನದ್ದು ಏನಿದೆ? ಬಳ್ಳಿಗಾವೆಯಿಂದ ಬಂದ, ಕೆಲಸ ಮಾಡಿದ, ಸಹಿ ಹಾಕಿದ. ಮಗನನ್ನೂ ಅದೇ ಕೆಲಸಕ್ಕೆ ಹಚ್ಚಿದ. ಕೈ ಎರಡೂ ಸರಿಯಾಗಿದ್ದವು. ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಯಾರ ಹೆಸರಲ್ಲಿದೆ ಹೇಳಿ ನೋಡೋಣ. ಜಕಣಾಚಾರಿ ಹೆಸರಲ್ಲೇ.

ಇನ್ನು ದುಡ್ಡಿನ ವಿಷಯ. ‘ಕಲೆಯನ್ನೇ ನಂಬಿ ಬದುಕಬಹುದೇ?’ ಅಂತ ಒಂದು ಸಂವಾದ ಮಾಡಬೇಕಾದರೆ ಶಾಮಿಯಾನದವರಿಗೆ ಅಡ್ವಾನ್ಸ್ ಕೊಡಬೇಕು. ಫ್ಲೆಕ್ಸ್ ಪ್ರಿಂಟ್ ಮಾಡುವವರು ದುಡ್ಡು ಎಣಿಸದೆ ಫ್ಲೆಕ್ಸ್ ಬಿಚ್ಚಿಯೂ ತೋರಿಸುವುದಿಲ್ಲ. ಸೌಂಡ್ ಸಿಸ್ಟಂನವರು ಕಾರ್ಯಕ್ರಮ ಮುಗಿದ ಮೇಲೆ ಪೂರ್ತಿ ಲೆಕ್ಕ ಆಗುವ ತನಕ ವೈರ್ ಸುತ್ತುತ್ತಲೇ ಇರುತ್ತಾರೆ. ಅಡುಗೆಯವರದ್ದು ಎಲೆ ಲೆಕ್ಕ. ಹಾರದವರು, ವಿಡಿಯೊದವರು, ಕುರ್ಚಿಯವರು, ಎಲ್ಲರಿಗೂ ರೇಟ್ ಇದೆ. ರೇಟ್ ಇಲ್ಲದಿರುವುದು ಮಧ್ಯದ ಕುರ್ಚಿಯಲ್ಲಿ ಕೂತವರಿಗೆ ಮಾತ್ರ. ಅವರಿಗೆ ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಎಷ್ಟೋ ಹಿರಿಯ ಗಾಯಕರ ಮನೆಯಲ್ಲಿ ಬೀರು ತೆಗೆದರೆ ಶಾಲುಗಳು ಮೈಮೇಲೆ ಬೀಳುತ್ತವೆ. ಬಸ್ ಕಂಡಕ್ಟರ್ ಅದನ್ನು ಟಿಕೆಟ್‌ಗೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಮುಗಿದ ಮೇಲೆ ‘ಸುಮ್ನೆ ಎರಡು ಸಾಲು ಹಾಡಿಬಿಡಿ ಸಾರ್’ ಅನ್ನುತ್ತಾರೆ. ಆ ಎರಡು ಸಾಲಿಗೆ ಶ್ರುತಿಯೂ ಇಲ್ಲ. ಮೊಬೈಲ್‌ನಲ್ಲಿ ಆ್ಯಪ್ ಹಾಕುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ. ತಬಲಾದವರನ್ನಂತೂ ಯಾರೂ ಯಾವತ್ತೂ ಸಂವಾದಕ್ಕೆ ಕರೆಯುವುದಿಲ್ಲ. ಅವರಿಗೆ ಬಾಲ್ಯವೇ ಇರಲಿಲ್ಲವೇನೋ.

ಈ ಪ್ರಶ್ನೆಗಳೆಲ್ಲ ತಲೆಕೆಳಗಾಗುವ ಒಂದು ಜಾಗ ನಮ್ಮಲ್ಲಿದೆ: ಊರೂರಿನ ಪೌರಾಣಿಕ ನಾಟಕ. ಇಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡುತ್ತಾನೆ. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಲೈಟು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸ್. ಇಂಥ ಒಬ್ಬ ರೈತ ಕಲಾವಿದರನ್ನು ಒಂದು ಸಂವಾದಕ್ಕೆ ಕರೆಸಿದ್ದರು.

‘ರಂಗಭೂಮಿ ನಿಮಗೆ ಏನು ಕೊಟ್ಟಿದೆ?’ ಅಂತ ಕೇಳಿದರು ನಿರೂಪಕರು.

‘ಅದೇನು ಕೊಡ್ತದೆ ಸಾರ್, ಕೊಟ್ಟೋನು ನಾನು. ಶುಂಠಿಗೆ ರೇಟ್ ಬಂದ ವರ್ಷ ದುರ್ಯೋಧನ ಮಾಡ್ದೆ. ಆಲೂಗೆಡ್ಡೆಗೆ ಅಂಗಮಾರಿ ಬಂತಲ್ಲ, ಆ ವರ್ಷ ವಿದುರ.’

‘ಹಾಗಾದರೆ ಕಲೆಯಲ್ಲಿ ನಿಮ್ಮ ಬೆಳವಣಿಗೆ...’

‘ಮಾರ್ಕೆಟ್ ಮೇಲೆ ಹೋಗ್ತದೆ.’

ಕಲಾವಿದನ ಆರ್ಥಿಕ ಸ್ಥಿತಿ ಬಗ್ಗೆ ನಾನು ಕೇಳಿದ ಅತ್ಯಂತ ಖಚಿತವಾದ ಮಾತು ಇದು. ನಿರೂಪಕರು ಅದನ್ನು ಅಲ್ಲಿಗೇ ಬಿಟ್ಟು, ಯುವಜನರಿಗೆ ಸಂದೇಶ ಕೇಳಿದರು. ‘ಶುಂಠಿ ಹಾಕ್ಬೇಡಿ’ ಅಂದರು ಅವರು.

ಮಾಸಾಶನದ ಮಾತೂ ಆಗಾಗ ಬರುತ್ತದೆ. ಸರ್ಕಾರ ವಯಸ್ಸಾದ ಕಲಾವಿದರಿಗೆ ತಿಂಗಳಿಗೆ ಒಂದಿಷ್ಟು ಕೊಡುತ್ತದೆ, ಕಲಾವಿದರು ತಾವಿನ್ನೂ ಬದುಕಿದ್ದೇವೆ ಅಂತ ಜೀವಿತ ಪ್ರಮಾಣ ಪತ್ರ ಕೊಡಬೇಕು. ಪೇಪರಿನಲ್ಲಿ ಬಂದ ಸನ್ಮಾನದ ಫೋಟೊ ನಡೆಯುವುದಿಲ್ಲ. ಅದರಲ್ಲಿ ಹೇಗಿದ್ದರೂ ಕಲಾವಿದರ ಮುಖ ಶಾಸಕರ ಭುಜದ ಹಿಂದೆ ಇರುತ್ತದೆ.

ಪೌರಾಣಿಕ ನಾಟಕದಲ್ಲಿ ದುಡ್ಡು ಕೊಡದೆ ತೆಗೆದುಕೊಳ್ಳುವವರಲ್ಲಿ ಮುಖ್ಯರಾದವರು ಹಾರ್ಮೋನಿಯಂ ಮೇಷ್ಟ್ರು. ನಾಟಕದಲ್ಲಿ ಹಾಡುವ ಕಂದ, ವೃತ್ತದ ಪದ್ಯ ಎಲ್ಲ ಹೇಳಿಕೊಟ್ಟು, ತಾಳ ತಪ್ಪುವ ಭೀಮನನ್ನು ಹಿಡಿದು ತಂದು, ರಾತ್ರಿಯಿಡೀ ನುಡಿಸುವವರು ಅವರೇ. ಅಡ್ವಾನ್ಸ್ ಇಲ್ಲದೆ ಪೆಟ್ಟಿಗೆ ತೆಗೆಯುವುದಿಲ್ಲ. ಕಲೆಯನ್ನು ನಂಬಿ ಬದುಕುವುದು ಹೇಗೆ ಅಂತ ಇಡೀ ಜಿಲ್ಲೆಯಲ್ಲಿ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಇವರಿಗೇ. ಕೊನೆಗೂ ಸಂಯೋಜಕರೊಬ್ಬರಿಗೆ ಇದು ಹೊಳೆಯಿತು. ಫೋನ್ ಮಾಡಿದರು.

‘ಮೇಷ್ಟ್ರೇ, ನಮ್ಮ ಕಾರ್ಯಕ್ರಮಕ್ಕೆ ಬರಬೇಕು.’

‘ನುಡಿಸೋದಾ, ಮಾತಾಡೋದಾ?’

‘ಬರೀ ಮಾತು ಮೇಷ್ಟ್ರೇ, ನಿಮ್ಮ ಬದುಕಿನ ಬಗ್ಗೆ.’

‘ಹಂಗಾದ್ರೆ ಜಾಸ್ತಿ ಆಗ್ತದೆ. ನುಡಿಸೋದು ಅಭ್ಯಾಸ ಇದೆ.’

ಸಂಯೋಜಕರಿಗೆ ಬಹಳ ಬೇಜಾರಾಯಿತು. ಕಲೆಗಿಂತ ದುಡ್ಡು ದೊಡ್ಡದಾಯಿತಾ, ಸರಸ್ವತಿಯನ್ನು ಮಾರಿಕೊಳ್ಳುತ್ತಾರಲ್ಲ ಅಂತ ಸಮಿತಿ ಸಭೆಯಲ್ಲಿ ಚರ್ಚೆಯಾಯಿತು. ಕಾರ್ಯಕ್ರಮ ಮಾತ್ರ ನಿಂತಿಲ್ಲ. ‘ಹಾರ್ಮೋನಿಯಂ ಮೇಷ್ಟ್ರ ಬದುಕು ಬವಣೆ’ ಅನ್ನುವ ವಿಷಯವಾಗಿ ನಿವೃತ್ತ ಅಧಿಕಾರಿಯೊಬ್ಬರು ಮಾತಾಡಲಿದ್ದಾರೆ. ಚಿಕ್ಕಂದಿನಲ್ಲಿ ಅವರು ನಾಟಕ ನೋಡಿದ್ದರಂತೆ. ಅವರಿಗೆ ಬೆಂಗಳೂರಿನಿಂದ ಕಾರು, ಇಲ್ಲಿ ಒಂದು ಎಸಿ ರೂಮು ಮಾತಾಗಿದೆ. ಮೇಷ್ಟ್ರ ಮನೆಗೂ ಆಹ್ವಾನ ಪತ್ರಿಕೆ ಹೋಗಿದೆ, ಸಭಿಕರ ಸಾಲಿನಲ್ಲಿ ಕೂತು ಕೇಳಬಹುದು. ಪ್ರವೇಶ ಉಚಿತ.