ಒಂದು ಗುಂಡಿಗೆ ಏಳು ತಿಂಗಳು

ನನ್ನ ಅಕ್ಕನ ಮಗನಿಗೆ ಈಗ 11 ವರ್ಷ. ಡೌನ್ ಸಿಂಡ್ರೋಮ್ ಇರುವ ಹುಡುಗ. ಹೋದ ವರ್ಷ ಯುಗಾದಿ ದಿನ ಹೊಸ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಒಂದು ಗುಂಡಿ ಮೇಲಿನ ಕಾಜಕ್ಕೆ ಹೋಗಿ, ಕಾಲರ್ ಒಂದು ಕಡೆಗೆ ಸೊಟ್ಟಗೆ ನಿಂತಿತ್ತು. ಅಕ್ಕ ಸರಿಮಾಡೋಕೆ ಅಂತ ಕೈ ಚಾಚಿದವಳು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಆ ಸೊಟ್ಟ ಅಂಗಿಯಲ್ಲೇ ಅವನು ಬೀದಿಯ ಎಲ್ಲಾ ಮನೆಗೂ ಬೇವುಬೆಲ್ಲ ಕೊಟ್ಟು ಬಂದ.

ಆ ಗುಂಡಿ ಅವನ ಕೈಗೆ ಬಂದಿದ್ದು ಏಳು ತಿಂಗಳಲ್ಲಿ. ಹೇಗೆ ಬಂತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದಾನದ ಬಗ್ಗೆ ನಾನು ಹೇಳಬೇಕು ಅಂದುಕೊಂಡಿರೋದೆಲ್ಲ ಅದರೊಳಗೇ ಇದೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಸ್ನಾಯುಗಳ ಬಿಗಿ ಕಡಿಮೆ, ಬೆರಳುಗಳು ಗಿಡ್ಡ. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ವಸ್ತುವನ್ನು ಗಟ್ಟಿಯಾಗಿ ಹಿಡಿಯೋದೇ ಕಷ್ಟ. ಹಾಗಾಗಿ ಅವನ ಶಾಲೆಯಲ್ಲಿ ಗುಂಡಿಗೆ ಮೊದಲು ಹಿಟ್ಟು ಬಂತು. ಮೈದಾಗೆ ಉಪ್ಪು, ಅರಿಶಿನ, ಸ್ವಲ್ಪ ಎಣ್ಣೆ ಹಾಕಿ ಕಲಸಿದ ಹಿಟ್ಟನ್ನು ದಿನಾ ಹಿಸುಕಬೇಕು, ಉಂಡೆ ಕಟ್ಟಬೇಕು, ಚಿವುಟಬೇಕು. ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದು ರಟ್ಟಿನ ಅಂಚಿಗೆ ಸಿಕ್ಕಿಸೋದು. ಆಮೇಲೆ ಮರದ ಚೌಕಟ್ಟು. ಎರಡು ಬಟ್ಟೆಯ ಪಟ್ಟಿ, ಒಂದರಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ಗುಂಡಿಗಳು, ಇನ್ನೊಂದರಲ್ಲಿ ಕಾಜ. ಅದರ ಪಾಠ ಶುರುವಾಗೋದು ಕೊನೆಯಿಂದ. ಮಿಸ್ ಗುಂಡಿಯನ್ನು ಮುಕ್ಕಾಲು ಭಾಗ ದಾಟಿಸಿ ಇಡ್ತಾರೆ, ಮಗು ಬರೀ ಎಳೆಯಬೇಕು. ಎಳೆದ ಕೂಡಲೇ ಕೆಲಸ ಮುಗೀತು, "ನಾನೇ ಹಾಕಿದೆ" ಅನ್ನೋ ಸಂತೋಷ ಅವನದು. ಕೆಲವು ವಾರ ಕಳೆದ ಮೇಲೆ ಅರ್ಧ ದಾಟಿಸಿ ಇಡ್ತಾರೆ. ಹೀಗೆ ಹಿಂದಕ್ಕೆ ಹಿಂದಕ್ಕೆ ಬಂದು, ಒಂದು ದಿನ ಮಿಸ್ ಏನೂ ಮಾಡದೆ ಸುಮ್ಮನೆ ಕೂತಿರ್ತಾರೆ.

ಈ ಏಳು ತಿಂಗಳಲ್ಲಿ ಆ ಚೌಕಟ್ಟಿನ ಬಟ್ಟೆ ಎರಡು ಸಲ ಹರಿದಿತ್ತು. ಹಿಟ್ಟು ಎಷ್ಟು ಸಲ ಕಲಸಿದರೋ ಲೆಕ್ಕವಿಲ್ಲ. ಅವನ ಪಕ್ಕ ದಿನಾ ಅರ್ಧ ಗಂಟೆ ಕೂತವರು ಒಬ್ಬರು ಆಯಾ. ಅವರು ಇಲ್ಲದ ದಿನ ಪಾಠವೂ ಇಲ್ಲ, ಯಾಕಂದ್ರೆ ಮಿಸ್ ಒಬ್ಬರೇ ಇದ್ದಾಗ ಉಳಿದ ಮಕ್ಕಳನ್ನು ಬಿಟ್ಟು ಇವನೊಬ್ಬನ ಕೈ ಹಿಡಿದು ಕೂರೋಕಾಗಲ್ಲ.

ಈಗ ನಾವು ಕೊಡುವವರ ಕಡೆಗೆ ಬರ್ತೀನಿ.

ನಾನು ತುಮಕೂರಿನವಳು. ಅನ್ನ, ಅಕ್ಷರ, ಆಶ್ರಯ ಅಂತ ಸಿದ್ಧಗಂಗೆಯ ತ್ರಿವಿಧ ದಾಸೋಹವನ್ನು ಕಣ್ಣಾರೆ ನೋಡಿಕೊಂಡೇ ಬೆಳೆದವಳು. ಊಟ ಹಾಕೋದು ಸಣ್ಣದು ಅಂತ ನನ್ನ ಬಾಯಲ್ಲಿ ಯಾವತ್ತೂ ಬರಲ್ಲ. ಆದರೆ ನಾನು ನೋಡಿದ ವಿಶೇಷ ಶಾಲೆಗಳಲ್ಲೆಲ್ಲ ಊಟದ ದಿನಗಳು ತಿಂಗಳುಗಟ್ಟಲೆ ಮುಂಚೆ ಬುಕ್ ಆಗಿರ್ತವೆ, ಆಯಾಗೆ ಸಂಬಳ ಕೊಡ್ತೀನಿ ಅಂತ ಫೋನ್ ಮಾಡುವವರು ಸಿಗಲ್ಲ. ಮಗಳ ಹುಟ್ಟುಹಬ್ಬ, ಅಪ್ಪನ ತಿಥಿ, ಮದುವೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಸಿಹಿಯೂಟ. ನಾನೂ ಮಾಡಿಸಿದ್ದೀನಿ. ಕೇಕ್ ಕತ್ತರಿಸುವಾಗ ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಮೂಲೆಯಲ್ಲಿ ಆಟಿಸಂ ಇರುವ ಒಬ್ಬ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ದಿನ ಅವಳಿಗೆ ಮಧ್ಯಾಹ್ನದ ಪಾಠ ನಡೆಯಲಿಲ್ಲ. ಅದನ್ನು ಮರೆಯೋಕೆ ನನಗೆ ಇನ್ನೂ ಆಗಿಲ್ಲ.

ಇನ್ನೊಂದು ದೃಶ್ಯ. ಒಂದು ಶಾಲೆಗೆ ಹೋಗಿದ್ದೆ, ಹೆಸರು ಬೇಡ. ಗಾಜಿನ ಕಪಾಟಿನ ತುಂಬ ಕಲಿಕಾ ಸಾಮಗ್ರಿ. ಬಣ್ಣದ ಗೂಟ, ಪೋಣಿಸುವ ಮಣಿ, ಆಕಾರ ಕೂರಿಸುವ ಹಲಗೆ. ಕಪಾಟಿನ ಮೇಲೆ ದಾನಿಗಳ ಹೆಸರು, ಬಾಗಿಲಿಗೆ ಬೀಗ. ಕೇಳಿದೆ, "ಮಕ್ಕಳಿಗೆ ಕೊಡಲ್ವಾ ಮೇಡಂ?" ಅವರು ಸಂಕೋಚದಿಂದಲೇ ಹೇಳಿದರು, "ಕಳೆದುಹೋದ್ರೆ ಸ್ಟಾಕ್ ರಿಜಿಸ್ಟರ್‌ಗೆ ಲೆಕ್ಕ ಕೊಡಬೇಕಲ್ಲಮ್ಮ. ಕೊಟ್ಟವರು ಮುಂದಿನ ವರ್ಷ ನೋಡೋಕೆ ಬರ್ತಾರೆ." ತಪ್ಪು ಅವರದು ಮಾತ್ರ ಅಂತ ನನಗೆ ಅನ್ನಿಸಲಿಲ್ಲ. ಕೊಟ್ಟದ್ದು ಹೊಸದಾಗೇ ಇರಲಿ ಅಂತ ಬಯಸುವ ನಮ್ಮ ಪಾಲೂ ಆ ಬೀಗದಲ್ಲಿದೆ.

ಈ ಮಕ್ಕಳ ಸಾಮಗ್ರಿ ಸವೆಯಬೇಕು ಕಣ್ರೀ. ಮಣಿ ಕಳೆದುಹೋಗಬೇಕು, ಗೂಟ ಕಚ್ಚಿಸಿಕೊಳ್ಳಬೇಕು, ವೆಲ್ಕ್ರೋ ಹಿಡಿಯೋದು ಬಿಡಬೇಕು. ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಿಗೆ 'ಮೂರು' ಅನ್ನೋದು ಬೋರ್ಡಿನ ಮೇಲೆ ಬರೆದರೆ ಹೋಗಿ ಕೂರಲ್ಲ. ಮೂರು ಲೋಟ ತಂದು ಮೂರು ಜನರ ಮುಂದೆ ಇಟ್ಟಾಗ ಕೂರುತ್ತೆ. ಕಣ್ಣು ಕಾಣದ ಮಕ್ಕಳು ಟೇಲರ್ ಫ್ರೇಮ್ ಅನ್ನೋ ತೂತುಗಳ ಹಲಗೆಯಲ್ಲಿ ಗೂಟಗಳನ್ನು ತಿರುಗಿಸಿ ಸಿಕ್ಕಿಸಿ ಗಣಿತ ಮಾಡೋದನ್ನು ನೋಡಿ, ಅಲ್ಲೂ ಲೆಕ್ಕ ಇರೋದು ಬೆರಳ ತುದಿಯಲ್ಲೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇವತ್ತು ಊರೂರಿನಲ್ಲೂ ದೊಡ್ಡ ಫೀಸಿನ ಮಾಂಟೆಸ್ಸರಿ ಶಾಲೆಗಳಿವೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಬೀದಿಯಲ್ಲಿ 'ಮಕ್ಕಳ ಮನೆ' ಅನ್ನೋ ತಮ್ಮ ಶಾಲೆ ತೆರೆಯೋ ಮೊದಲು ವೈದ್ಯೆಯಾಗಿ ದುಡಿದದ್ದು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಜೊತೆ. ಇಟಾರ್ಡ್, ಸೆಗೆನ್ ಅನ್ನೋ ಫ್ರೆಂಚ್ ವೈದ್ಯರ ಬರಹಗಳನ್ನು ಓದಿ, ಮುಟ್ಟಿ ಕಲಿಯುವ ವಸ್ತುಗಳನ್ನು ಮೊದಲು ಆ ಮಕ್ಕಳಿಗೆ ಕೊಟ್ಟು ನೋಡಿದರು. 1939ರಲ್ಲಿ ಮದರಾಸಿಗೆ ಬಂದವರು ಯುದ್ಧ ಮುಗಿಯುವ ತನಕ ಭಾರತದಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅಂದರೆ ಉಳ್ಳವರ ಮಕ್ಕಳು ಇವತ್ತು ಆಡುವ ಆ ವಸ್ತುಗಳ ಬೇರು ನಮ್ಮಂಥ ಮಕ್ಕಳ ತರಗತಿಯಲ್ಲಿದೆ. ಆದರೆ ನಮ್ಮ ಮಕ್ಕಳಿಗೆ ಅವು ಬೀಗದೊಳಗೆ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

"ಇದೆಲ್ಲ ಸರ್ಕಾರದ ಕೆಲಸ ಅಲ್ವಾ?" ಅಂತ ಕೇಳುವವರಿದ್ದಾರೆ. ಹೌದು, ಸರ್ಕಾರದ ಕೆಲಸವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅಂಗವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲ ಅಂತ ಪ್ರಮಾಣಪತ್ರ ಇರಬೇಕು, ಅಷ್ಟೇ. ಆ ಹಕ್ಕನ್ನು ಕೇಳೋದು ನಿಲ್ಲಿಸಬಾರದು, ಅಕ್ಕ ನಿಲ್ಲಿಸಿಯೂ ಇಲ್ಲ. ಆದರೆ ಅನುದಾನ ತಡವಾಯ್ತು ಅಂತ ಮಗುವಿನ ವಯಸ್ಸು ಕಾಯಲ್ಲ. 18 ದಾಟಿದ ಮೇಲೆ ಶಾಲೆಯ ಬಾಗಿಲು ಮುಚ್ಚುತ್ತೆ. ಆಗ ಅವನ ಜೊತೆ ಮನೆಗೆ ಬರೋದು ಕೈ ಕಲಿತದ್ದು ಮಾತ್ರ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ, ವಿಕಲಚೇತನರಿಗಾಗಿ ದುಡಿಯುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಜೀವನ್‌ಬಿಮಾ ನಗರದಲ್ಲಿ ತೋಟಗಾರಿಕೆ ತರಬೇತಿ ಕೊಡುತ್ತೆ. ಕುಂಡಕ್ಕೆ ಮಣ್ಣು ತುಂಬುವ, ಸಸಿ ನೆಡುವ ಕೆಲಸ ಕೆಲವರಿಗೆ ಅನ್ನದ ದಾರಿಯೂ ಆಗಿದೆ. ಆ ಮಣ್ಣಿನವರೆಗೆ ಹೋಗೋಕೆ ಮೊದಲು ಹಿಟ್ಟು ಹಿಸುಕಿ ಬಂದಿರಬೇಕು.

ಹಾಗಾದರೆ ಏನು ಕೊಡಬೇಕು? ನನ್ನ ಅಭಿಪ್ರಾಯ ನೇರ. ವರ್ಷಕ್ಕೊಮ್ಮೆ 6,000 ಕೊಡೋದಕ್ಕಿಂತ ತಿಂಗಳಿಗೆ 500 ಕೊಡಿ, ಮತ್ತು ಅದನ್ನು ಆಯಾ ಅಥವಾ ಥೆರಪಿಸ್ಟ್ ಸಂಬಳಕ್ಕೆ ಬಳಸಿ ಅಂತ ಬಾಯಿಬಿಟ್ಟು ಹೇಳಿ. ಪ್ರತಿ ತಿಂಗಳೂ ಬರುತ್ತೆ ಅಂತ ಗೊತ್ತಿದ್ದರೆ ತಾನೇ ಶಾಲೆ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳೋದು? ವಸ್ತುವನ್ನೇ ಕೊಡ್ತೀರಾದರೆ ಮೊದಲು ಮಿಸ್ಸನ್ನು ಕೇಳಿ. ಆಟಿಕೆ ಬೇಕು ಅಂದರೆ ಚನ್ನಪಟ್ಟಣಕ್ಕೆ ಹೋಗಿ. ಆಲೆ ಮರದ ಮೇಲೆ ಅರಗಿನ ಬಣ್ಣ ಹಾಕಿದ್ದು, ಬಾಯಿಗಿಡುವ ಮಕ್ಕಳಿಗೂ ಭಯವಿಲ್ಲ, ಆದರೆ ಸಸ್ಯದಿಂದ ತೆಗೆದ ಬಣ್ಣದ್ದೇ ಅಂತ ಖಚಿತ ಮಾಡಿಕೊಳ್ಳಿ. ಹಿಡಿ ದಪ್ಪ ಬೇಕು ಅಂತ ಅಳತೆ ಕೊಟ್ಟರೆ ಕುಶಲಕರ್ಮಿಗಳು ಹಾಗೇ ತಿರುಗಿಸಿ ಕೊಡ್ತಾರೆ. ಕೊಡುವಾಗ ಒಂದು ಚೀಟಿ ಬರೆದಿಡಿ: "ಮುರಿದರೆ ಪರವಾಗಿಲ್ಲ, ಲೆಕ್ಕ ಬೇಡ." ಆ ಒಂದು ಚೀಟಿ ಇದ್ದರೆ ಬೀಗ ತೆಗೆಯೋಕೆ ಮೇಡಂಗೂ ಧೈರ್ಯ ಬರುತ್ತೆ.

ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯ ರಸೀದಿ (80ಜಿ) ಬೇಕಾದವರು 2,000 ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ, ವಿನಾಯಿತಿ ಸಿಗಲ್ಲ. ಮತ್ತೆ ಮಕ್ಕಳ ಫೋಟೋ ದಯವಿಟ್ಟು ಹಾಕಬೇಡಿ. ಸಹಾಯ ಪಡೆದ ಮಗು ಅಂತ ಗುರುತಿಸಿಕೊಳ್ಳೋಕೆ ಆ ಮಗು ಒಪ್ಪಿಗೆ ಕೊಟ್ಟಿಲ್ಲ.

ಹಣವೇ ಇಲ್ಲ ಅನ್ನುವವರು ಒಂದು ಶನಿವಾರ ಬೆಳಿಗ್ಗೆ ಬಂದು ಮಗುವಿನ ಪಕ್ಕ ಕೂತುಕೊಳ್ಳಿ. ಅವಸರ ಮಾಡದೆ, ಅವರ ಕೆಲಸವನ್ನು ನಾವೇ ಮಾಡಿಕೊಡದೆ ಕೂರೋದು ಹೇಳಿದಷ್ಟು ಸುಲಭ ಅಲ್ಲ. ನನಗೆ ಮೊದಲ ಕೆಲವು ವಾರ ಆಗುತ್ತಲೇ ಇರಲಿಲ್ಲ, ಕೈ ತಾನಾಗಿ ಮುಂದೆ ಹೋಗೋದು. "ಚಿಕ್ಕಮ್ಮ, ಬೇಡ" ಅಂತ ನನ್ನ ಕೈಯನ್ನು ಅವನೇ ತಳ್ಳಿದ ದಿನ ಕಲಿತೆ.

ಈ ಶನಿವಾರ ಶಾಲೆಯಲ್ಲಿ ಅವರೆಕಾಯಿ ಸುಲಿಯೋದಿದೆ. ಸುಲಿದ ಕಾಳನ್ನು ಲೋಟದಲ್ಲಿ ಅಳೆದು, ಅಂದಿನ ಸಾರಿಗೆ ಮಕ್ಕಳೇ ಅಡುಗೆಮನೆಗೆ ಒಯ್ದು ಕೊಡ್ತಾರೆ. ನಾಲ್ಕು ಕೆ.ಜಿ. ನಾನು ತರ್ತೀನಿ. ತುಮಕೂರಿನಲ್ಲಿರುವ ಸ್ನೇಹಿತರ ಮನೆಯಲ್ಲಿ ದೊಡ್ಡ ಗುಂಡಿಯ ಹಳೆಯ ಸ್ವೆಟರ್, ಕೋಟು ಇದ್ದರೆ ಒಗೆದು ನನಗೆ ಕೊಡಿ. ಚೌಕಟ್ಟಿನ ಬಟ್ಟೆ ಮೂರನೇ ಸಲ ಹರಿದಿದೆ.